ಬರಹದಲ್ಲಿ ಮೂರು ಸಾಲು, ಹಾಡಿನಲ್ಲಿ ನಾಲ್ಕು: ಸಕಲೇಶಪುರ–ಆಲೂರು ಪರಿಸರದ ತ್ರಿಪದಿಯ ಗಣ, ಪ್ರಾಸ ಮತ್ತು ಪುನರಾವೃತ್ತಿ

ಸಾರಾಂಶ

ಹಾಡುವ ತ್ರಿಪದಿಯನ್ನು ಬರಹಕ್ಕಿಳಿಸಿ ವಿಶ್ಲೇಷಿಸುವಾಗ ಗಣವಿನ್ಯಾಸವನ್ನು ಛಂದಸ್ಸೆಂದೂ, ಪ್ರಾಸವನ್ನು ಅಲಂಕಾರವೆಂದೂ, ಪುನರಾವೃತ್ತಿಯನ್ನು ಗಾಯನದ ಸಂಗತಿಯೆಂದೂ ಬೇರ್ಪಡಿಸುವುದು ರೂಢಿಯಾಗಿದೆ. ಈ ವಿಭಜನೆ ಭಾಷಿಕ ದೃಷ್ಟಿಯಿಂದ ನಿಲ್ಲುವುದಿಲ್ಲವೆಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಹನ್ನೊಂದು ಗಣಗಳ ಒಂದು ಕಿರುಪದ್ಯವನ್ನು ಪರೀಕ್ಷಾವಸ್ತುವಾಗಿಟ್ಟುಕೊಂಡು, ಅದರ ಪದಗಳನ್ನು ಒಂದೊಂದಾಗಿ ಬದಲಿಸುತ್ತ, ಯಾವ ಬದಲಾವಣೆ ಯಾವ ನಿಯಮವನ್ನು ಮುರಿಯುತ್ತದೆಂಬುದನ್ನು ತೋರಿಸಿದ್ದೇವೆ. ಗಣನಿಯಮವನ್ನು ಪೂರ್ತಿಯಾಗಿ ಪಾಲಿಸಿದ ಸಾಲು ಕೂಡ ಪುನರಾವೃತ್ತಿಯ ನಿಯಮವನ್ನು ಮೀರಬಲ್ಲುದು. ಆದುದರಿಂದ ಪುನರಾವೃತ್ತಿಯನ್ನೂ ಛಂದೋರಚನೆಯ ಅಂಗವೆಂದೇ ಎಣಿಸಬೇಕು. ಈ ನಿಲುವು ಜನಪದ ಗೀತೆಗಳ ಲಿಪ್ಯಂತರಣ ಕ್ರಮದ ಮೇಲೆ ಬೀರುವ ಪರಿಣಾಮವನ್ನು ಕೊನೆಯ ಭಾಗ ಚರ್ಚಿಸುತ್ತದೆ.

ಪ್ರಮುಖ ಪದಗಳು: ತ್ರಿಪದಿ, ಅಂಶಗಣ, ದ್ವಿತೀಯಾಕ್ಷರ ಪ್ರಾಸ, ಪುನರಾವೃತ್ತಿ, ಸಂಧಿ, ಲಿಪ್ಯಂತರಣ, ಹಾಸನ ಜಿಲ್ಲೆ

1. ಸಮಸ್ಯೆಯ ಸ್ವರೂಪ

ತ್ರಿಪದಿಯ ಲಕ್ಷಣವನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡಬಹುದು: ಮೂರು ಸಾಲು, ಹನ್ನೊಂದು ಗಣ, ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಉಳಿದ ಒಂಬತ್ತು ವಿಷ್ಣುಗಣ. ಹತ್ತನೆಯ ಶತಮಾನದ ಕೊನೆಯ ಭಾಗದ ನಾಗವರ್ಮನ ‘ಛಂದೋಂಬುಧಿ’ ಇದನ್ನು ಕರ್ಣಾಟಕ ವಿಷಯಜಾತಿಗಳ ಸಾಲಿನಲ್ಲಿ ವಿವರಿಸುತ್ತದೆ. ಲಕ್ಷಣಕ್ಕಿಂತ ಲಕ್ಷ್ಯ ಹಳೆಯದು, ಸುಮಾರು ಕ್ರಿ.ಶ. 700ರದೆಂದು ಭಾವಿಸಲಾದ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ತ್ರಿಪದಿ ಇದೆ. ಹೀಗೆ ಸಾವಿರದ ಮುನ್ನೂರು ವರ್ಷಗಳಿಂದ ಕಲ್ಲು, ಓಲೆ, ಬಾಯಿ ಎಂಬ ಮೂರು ಆಶ್ರಯಗಳಲ್ಲಿಯೂ ಉಳಿದುಬಂದ ಕನ್ನಡದ ಪದ್ಯಬಂಧಗಳಲ್ಲಿ ತ್ರಿಪದಿಯದು ಮೊದಲ ಸಾಲಿನ ಸ್ಥಾನ.

ಬಾಯಲ್ಲಿ ಉಳಿದ ತ್ರಿಪದಿಯನ್ನು ಬರಹಕ್ಕೆ ತಂದಾಗ ಒಂದು ತೊಡಕು ಎದುರಾಗುತ್ತದೆ. ಧ್ವನಿಮುದ್ರಿಕೆಯಲ್ಲಿ ಕೇಳುವುದು ಬಹುಮಟ್ಟಿಗೆ ಮೂರು ಸಾಲುಗಳಲ್ಲ, ನಾಲ್ಕು. ಸಂಗ್ರಾಹಕರು ಮರಳಿ ಬಂದ ಭಾಗವನ್ನು ‘ಪುನರುಕ್ತಿ’ಯೆಂದು ಬಿಟ್ಟು ಮೂರನ್ನು ಮಾತ್ರ ಬರೆದುಕೊಳ್ಳುತ್ತಾರೆ. ಮುಂದೆ ವಿಶ್ಲೇಷಕರು ಆ ಮೂರು ಸಾಲುಗಳಿಗೆ ಪ್ರಸ್ತಾರ ಹಾಕಿ, ಗಣ ಹೊಂದದಿರುವಲ್ಲಿ ‘ಛಂದೋಭಂಗ’ವೆಂದು ಗುರುತಿಸುತ್ತಾರೆ, ಇಲ್ಲವೇ ‘ಜನಪದರಿಗೆ ನಿಯಮದ ಬಿಗಿ ಇಲ್ಲ’ವೆಂದು ಸಮಾಧಾನ ಹೇಳುತ್ತಾರೆ. ಎರಡೂ ತೀರ್ಮಾನಗಳು ಅವಸರದವು. ಮುರಿದಿರುವುದು ಹಾಡೋ ಅಥವಾ ನಮ್ಮ ಬರಹವೋ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕಾಗಿದೆ.

2. ಪ್ರದೇಶ ಮತ್ತು ಪರೀಕ್ಷಾಪದ್ಯ

ಸಕಲೇಶಪುರ ತಾಲ್ಲೂಕು ಹಾಸನ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ಘಟ್ಟದ ನೆತ್ತಿಯ ಮೇಲಿದೆ. ಅದರ ಪೂರ್ವಕ್ಕೆ, ಹಾಸನದ ಬಯಲಿಗೆ ಇಳಿಯುವ ದಾರಿಯಲ್ಲಿ ಆಲೂರು ತಾಲ್ಲೂಕು ಹಬ್ಬಿದೆ. ಕಾಫಿ ಮತ್ತು ಏಲಕ್ಕಿಯ ಇಳಿಜಾರುಗಳ ನಡುವಣ ತಗ್ಗುಗಳಲ್ಲಿ ಭತ್ತದ ಗದ್ದೆಗಳಿವೆ. ಮುಂಗಾರಿನಲ್ಲಿ ಹೇಮಾವತಿಯೂ ಅದನ್ನು ಸೇರುವ ಹಳ್ಳಗಳೂ ಉಕ್ಕುವ ಕಾಲವೇ ನಾಟಿಯ ಕಾಲ. ನಾಟಿ, ರಾಗಿ ಬೀಸುವಿಕೆ, ಮದುವೆಯ ಶಾಸ್ತ್ರಗಳು, ಸುಗ್ಗಿ ಇವು ಕರ್ನಾಟಕದ ಉಳಿದೆಡೆಗಳಂತೆ ಇಲ್ಲಿಯೂ ಹಾಡಿನ ಸಂದರ್ಭಗಳು. ‘ಜಾನಪದ ಜಂಗಮ’ರೆಂದು ಹೆಸರಾದ ಎಸ್. ಕೆ. ಕರೀಂಖಾನರು ಸಕಲೇಶಪುರದ ನೆಲದವರು. ಇದೇ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು ‘ಹಳ್ಳಿಯ ಹಾಡುಗಳು’ ಸಂಕಲನವನ್ನು ಹೊರತಂದರು. ಉತ್ತರದಲ್ಲಿ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದ ಮೇಲೆ ದಕ್ಷಿಣದ ಸೀಮೆಯಲ್ಲಿ ನಡೆದ ಸಂಗ್ರಹಕಾರ್ಯದಲ್ಲಿ ಹಾಸನ ಜಿಲ್ಲೆಗೆ ಹೀಗೆ ಗಣ್ಯವಾದ ಸ್ಥಾನವಿದೆ.

ಪ್ರಸ್ತುತ ವಿಶ್ಲೇಷಣೆಗೆ ನಾವು ಸಂಗ್ರಹಿತ ಹಾಡೊಂದನ್ನು ಉದ್ಧರಿಸದೆ, ಪರೀಕ್ಷೆಗೆಂದೇ ಕಟ್ಟಿಕೊಂಡ ಒಂದು ತ್ರಿಪದಿಯನ್ನು ಬಳಸಿದ್ದೇವೆ. ಇದಕ್ಕೆ ಕಾರಣ ವಿಧಾನಸಂಬಂಧಿಯಾದುದು. ನಿಯಮವನ್ನು ಗುರುತಿಸಲು ಒಪ್ಪುವ ರೂಪದ ಜೊತೆಗೆ ಒಪ್ಪದ ರೂಪವೂ ಬೇಕು. ಪರಂಪರೆಯಿಂದ ಬಂದ ಹಾಡಿನ ಪದಗಳನ್ನು ಮನಬಂದಂತೆ ತಿದ್ದಿ ನೋಡುವುದು ಉಚಿತವಲ್ಲ. ಪದ್ಯದ ಸಂದರ್ಭ ಈ ಪರಿಸರದ್ದೇ: ನಾಟಿಯ ದಿನ, ಉಕ್ಕಿದ ಹೊಳೆ, ಹೊಳೆಯಾಚೆಯ ತವರು.

ಮಳೆ ಬಂತು ಬೆಟ್ಟಕ್ಕೆ ಹೊಳೆ ಬಂತು ಗದ್ದೆಗೆ
ಎಳೆಪೈರ ನೆಟ್ಟು ಬರುವೇನು ಅಣ್ಣಯ್ಯ
ಹೊಳೆಯಾಚೆ ನಿಂತು ಕೂಗಯ್ಯ

3. ಗಣವಿನ್ಯಾಸ

ಅಂಶಗಣದ ಎಣಿಕೆಯಲ್ಲಿ ಸ್ಥಾನಭೇದವೇ ಮುಖ್ಯ. ಗಣದ ಆದಿಯಲ್ಲಿ ಒಂದು ಗುರು ಅಥವಾ ಎರಡು ಲಘುಗಳು ಸೇರಿ ಒಂದು ಅಂಶ. ಆದಿಯ ಬಳಿಕ ಬರುವ ಪ್ರತಿ ಅಕ್ಷರವೂ, ಲಘುವಾಗಲಿ ಗುರುವಾಗಲಿ, ಒಂದೊಂದು ಅಂಶ. ಎರಡು ಅಂಶಗಳದು ಬ್ರಹ್ಮ, ಮೂರರದು ವಿಷ್ಣು, ನಾಲ್ಕರದು ರುದ್ರ. ನಮ್ಮ ಪದ್ಯದ ಪ್ರಸ್ತಾರ ಹೀಗಿದೆ:

ಮಳೆಬಂತು (∪∪–∪) | ಬೆಟ್ಟಕ್ಕೆ (––∪) | ಹೊಳೆಬಂತು (∪∪–∪) | ಗದ್ದೆಗೆ (–∪∪)
ಎಳೆಪೈರ (∪∪–∪) | ನೆಟ್ಟು (–∪) | ಬರುವೇನು (∪∪–∪) | ಅಣ್ಣಯ್ಯ (––∪)
ಹೊಳೆಯಾಚೆ (∪∪–∪) | ನಿಂತು (–∪) | ಕೂಗಯ್ಯ (––∪)

ಮೊದಲ ಸಾಲಿನಲ್ಲಿ 12, ಎರಡನೆಯದರಲ್ಲಿ 11, ಮೂರನೆಯದರಲ್ಲಿ 8 ಅಂಶಗಳು, ಒಟ್ಟು 31. ಆರನೆಯ ಗಣವಾದ ‘ನೆಟ್ಟು’, ಹತ್ತನೆಯ ಗಣವಾದ ‘ನಿಂತು’ ಇವೆರಡೇ ಬ್ರಹ್ಮಗಣಗಳು. ಎರಡೂ ವ್ಯಾಕರಣದ ದೃಷ್ಟಿಯಿಂದ ಒಂದೇ ಜಾತಿಯವು: ಪೂರ್ವಕಾಲಿಕ ಕೃದಂತಗಳು. ಗುರುವಿನ ಮೇಲೆ ಒಂದು ಲಘು ಎಂಬ ಆಕಾರವನ್ನು ಕನ್ನಡದ ಅನೇಕ ಕೃದಂತಗಳು ಸಹಜವಾಗಿಯೇ ಪಡೆದಿವೆ: ಬಂದು, ಕೊಟ್ಟು, ಹೊತ್ತು, ಬಿದ್ದು, ಮಾಡಿ, ನೋಡಿ. ಬ್ರಹ್ಮಗಣದ ಕಿರಿದಾದ ಜಾಗಕ್ಕೆ ಹೊಂದುವ ಪದಗಳು ಭಾಷೆಯಲ್ಲಿ ಸಿದ್ಧವಾಗಿಯೇ ಇವೆ.

ಗಣಗಳ ಜೋಡಣೆಯಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಎರಡನೆಯ ಸಾಲಿನ ಮೊದಲ ಮೂರು ಗಣಗಳೂ ಮೂರನೆಯ ಸಾಲಿನ ಮೂರು ಗಣಗಳೂ ಒಂದೇ ವಿನ್ಯಾಸದವು: ವಿಷ್ಣು–ಬ್ರಹ್ಮ–ವಿಷ್ಣು, ಅಂದರೆ 3–2–3. ಇದು ಪ್ರಸ್ತುತ ಪದ್ಯದ ವಿಶೇಷವಲ್ಲ; ಆರು ಮತ್ತು ಹತ್ತನೆಯ ಸ್ಥಾನಗಳಲ್ಲಿ ಬ್ರಹ್ಮಗಣ ಎಂಬ ಲಕ್ಷಣದಿಂದಲೇ ಹೊರಡುವ ಫಲ. ಆ ಲಕ್ಷಣವನ್ನು ಸಂಖ್ಯೆಯಾಗಿ ಹೇಳಿದಾಗ ಎರಡು ಬಿಡಿ ಅಪವಾದಗಳಂತೆ ತೋರುವುದು, ವಿನ್ಯಾಸವಾಗಿ ನೋಡಿದಾಗ ಒಂದೇ ಘಟಕದ ಎರಡು ಪ್ರಯೋಗಗಳಾಗಿ ಕಾಣುತ್ತದೆ. ಹಾಗಾದರೆ ತ್ರಿಪದಿಯ ರಚನೆ 4+4+3 ಎಂಬುದಕ್ಕಿಂತ 4+3+1+3 ಎಂಬುದೇ ಹೆಚ್ಚು ವಿವರಣಾತ್ಮಕ. ಎರಡು ಸಮಾನ ಖಂಡಗಳ ನಡುವೆ ಎಂಟನೆಯ ಗಣ ಒಂಟಿಯಾಗಿ ನಿಲ್ಲುತ್ತದೆ. ಈ ಗಣದ ಪಾತ್ರವನ್ನು ಆರನೆಯ ಭಾಗದಲ್ಲಿ ಪರಿಶೀಲಿಸುತ್ತೇವೆ.

4. ಅಂಶ ಮತ್ತು ಮಾತ್ರೆ

ಅಂಶದ ಬದಲು ಮಾತ್ರೆಯನ್ನು ಎಣಿಸಿದರೆ ಸಾಲುಗಳಲ್ಲಿ ಕ್ರಮವಾಗಿ 19, 18, 13 ಮಾತ್ರೆಗಳು ದೊರೆಯುತ್ತವೆ. ಒಂಬತ್ತು ವಿಷ್ಣುಗಣಗಳಲ್ಲಿ ಎಂಟು ಐದು ಮಾತ್ರೆಯವು. ‘ಗದ್ದೆಗೆ’ ಮಾತ್ರ ನಾಲ್ಕರದು. ಬ್ರಹ್ಮಗಣಗಳೆರಡೂ ಮೂರು ಮಾತ್ರೆಯವು. ಕಾಲಕ್ರಮದಲ್ಲಿ ಅಂಶಗಣಗಳು ಮಾತ್ರಾಗಣಗಳಾಗಿ ಮಾರ್ಪಟ್ಟುದನ್ನು ಕನ್ನಡ ಛಂದಸ್ಸಿನ ಚರಿತ್ರಕಾರರು ವಿಸ್ತಾರವಾಗಿ ಚರ್ಚಿಸಿದ್ದಾರೆ. ಆ ಮಾರ್ಪಾಟಿನ ದಿಕ್ಕಿಗೆ ಒಂದು ಸರಳವಾದ ಕಾರಣವನ್ನು ಪ್ರಸ್ತಾರದಲ್ಲಿಯೇ ಕಾಣಬಹುದು. ವಿಷ್ಣುಗಣದ ಎಂಟು ರೂಪಗಳಲ್ಲಿ ನಾಲ್ಕು ಮಾತ್ರೆಯವು ಎರಡು, ಆರು ಮಾತ್ರೆಯವು ಎರಡು, ಐದು ಮಾತ್ರೆಯವು ನಾಲ್ಕು. ಅರ್ಧದಷ್ಟು ರೂಪಗಳು ಐದರಲ್ಲಿಯೇ ಸೇರಿರುವಾಗ ಕಿವಿ ಅತ್ತ ವಾಲುವುದು ಸಹಜ. ಛಂದಸ್ಸನ್ನು ಗತಿಯ ನೆಲೆಯಿಂದ ವಿವೇಚಿಸಿದ ಸೇಡಿಯಾಪು ಕೃಷ್ಣಭಟ್ಟರ ‘ಛಂದೋಗತಿ’ ಇಂಥ ಚರ್ಚೆಗೆ ಇಂದಿಗೂ ಆಧಾರಗ್ರಂಥ.

ಹಾಡುವಾಗ ‘ಗದ್ದೆಗೆ’ ಎಂಬುದರ ಕೊನೆಯ ಸ್ವರ ಎಳೆದು ‘ಗದ್ದೆಗೇ’ ಆಗುತ್ತದೆ; ಕಡಮೆಯಾದ ಒಂದು ಮಾತ್ರೆ ತುಂಬುತ್ತದೆ. ಆದರೆ ಅಂಶದ ಎಣಿಕೆಯಲ್ಲಿ ಏನೂ ಬದಲಾಗುವುದಿಲ್ಲ, ಏಕೆಂದರೆ ಆದಿಯಲ್ಲದ ಸ್ಥಾನದಲ್ಲಿ ಹ್ರಸ್ವದೀರ್ಘಗಳಿಗೆ ಬೆಲೆ ಒಂದೇ. ‘ಬರುವೇನು’ ಎಂಬಲ್ಲಿ ‘ಬರುವೆನು’ ಎಂದರೂ ಅಂಶಗಳು ಮೂರೇ. ಮಾತ್ರೆಗಳು ಮಾತ್ರ ಐದರಿಂದ ನಾಲ್ಕಕ್ಕೆ ಇಳಿಯುತ್ತವೆ. ಎಳೆತವು ಹಾಡುವವರ ಸ್ವಾತಂತ್ರ್ಯವೆನಿಸಿದರೂ ಅದಕ್ಕೆ ಅವಕಾಶ ಕೊಟ್ಟಿರುವುದು ಅಂಶದ ನಿಯಮವೇ.

ಗಣದ ಆದಿಯಲ್ಲಿ ಎರಡು ಲಘು ಒಂದು ಗುರುವಿಗೆ ಸಮ ಎಂಬ ನಿಯಮಕ್ಕೂ ಆಡುಮಾತಿನ ಧ್ವನಿವ್ಯಾಪಾರಕ್ಕೂ ಸಂಬಂಧವಿದೆಯೆಂಬುದು ನಮ್ಮ ಅಭಿಪ್ರಾಯ. ದಕ್ಷಿಣ ಕರ್ನಾಟಕದ ಮಾತಿನಲ್ಲಿ ಎರಡನೆಯ ಅಕ್ಷರದ ಹ್ರಸ್ವಸ್ವರ ಬಿದ್ದುಹೋಗುವುದು ಸಾಮಾನ್ಯ: ‘ಕರೆದು’ ಎಂಬುದು ‘ಕರ್ದು’ ಆಗುತ್ತದೆ, ‘ಬರುವಾಗ’ ಎಂಬುದು ‘ಬರ್ವಾಗ’ ಆಗುತ್ತದೆ, ‘ಹೊರಟು’ ಎಂಬುದು ‘ಹೊಂಟು’ ಆಗುತ್ತದೆ. ಈ ಜೋಡಿಗಳಲ್ಲಿ ಮೊದಲ ರೂಪ ಎರಡು ಲಘುಗಳಿಂದಲೂ ಎರಡನೆಯದು ಒಂದು ಗುರುವಿನಿಂದಲೂ ತೊಡಗುತ್ತದೆ. ಅಂಶಗಳ ಸಂಖ್ಯೆ ಎರಡರಲ್ಲಿಯೂ ಒಂದೇ. ಮಾತಿನಲ್ಲಿ ನಿತ್ಯವೂ ಪರ್ಯಾಯವಾಗಿ ನಿಲ್ಲುವ ರೂಪಗಳನ್ನು ಛಂದಸ್ಸೂ ಪರ್ಯಾಯವೆಂದೇ ಸ್ವೀಕರಿಸುತ್ತದೆ. ಈ ಕಾರಣದಿಂದಲೇ ಗ್ರಾಂಥಿಕ ರೂಪದಿಂದ ಆಡುರೂಪಕ್ಕೆ ಜಾರಿದರೂ ಹಾಡಿನ ಗಣ ಹಲವೆಡೆ ಕದಲುವುದಿಲ್ಲ.

5. ಪ್ರಾಸ

ಗಣದ ಎಣಿಕೆ ಅಕ್ಷರದ ತೂಕವನ್ನು ನೋಡುತ್ತದೆ. ಪ್ರಾಸ ಎರಡನೆಯ ಅಕ್ಷರದ ವ್ಯಂಜನವನ್ನು ನೋಡುತ್ತದೆ. ನಮ್ಮ ಪದ್ಯದಲ್ಲಿ ಮಳೆ, ಎಳೆ, ಹೊಳೆ ಎಂದು ಮೂರು ಸಾಲುಗಳ ಆದಿಯಲ್ಲಿಯೂ ಳಕಾರ ಬಂದಿದೆ. ಮೊದಲ ಸಾಲಿನ ಮೂರನೆಯ ಗಣವೂ ‘ಹೊಳೆ’ಯಿಂದ ತೊಡಗುವುದರಿಂದ ಒಳಪ್ರಾಸವೂ ಉಂಟು. ಹ್ರಸ್ವದ ಬಳಿಕ ಒಂಟಿ ವ್ಯಂಜನ ಬಂದಿರುವುದರಿಂದ ಇದು ಲಾಕ್ಷಣಿಕರು ಹೇಳುವ ಆರು ಪ್ರಾಸಗಳಲ್ಲಿ ಸಿಂಹಪ್ರಾಸ. ಎರಡನೆಯ ಮತ್ತು ಮೂರನೆಯ ಸಾಲುಗಳ ಕೊನೆಯಲ್ಲಿ ‘ಅಣ್ಣಯ್ಯ’, ‘ಕೂಗಯ್ಯ’ ಎಂಬ ಅಂತ್ಯಪ್ರಾಸವಿದೆ.

‘ಮಳೆ ಬಂತು’ ಎಂಬಲ್ಲಿ ‘ಗಾಳಿ ಬಂತು’ ಎಂದು ಹಾಕಿ ನೋಡೋಣ. ಳಕಾರ ಉಳಿಯಿತು, ಆದರೆ ಅದರ ಹಿಂದೆ ದೀರ್ಘ ಬಂದು ಸಿಂಹಪ್ರಾಸದ ಎದುರು ಗಜಪ್ರಾಸ ನಿಂತಿತು. ಅದೇ ಕ್ಷಣದಲ್ಲಿ ಗಣವೂ ಮುರಿಯಿತು: ಗಾ, ಳಿ, ಬಂ, ತು ಎಂದು ನಾಲ್ಕು ಅಂಶಗಳಾಗಿ ವಿಷ್ಣುವಿನ ಸ್ಥಾನದಲ್ಲಿ ರುದ್ರ ಬಂದಿತು. ಪ್ರಾಸದ ಹಿಂದಿನ ಅಕ್ಷರದ ತೂಕ ಸಮವಾಗಿರಬೇಕೆಂಬ ಕಟ್ಟಳೆಯನ್ನು ನಾವು ಸಾಮಾನ್ಯವಾಗಿ ಶ್ರವಣಸೌಖ್ಯದ ವಿಷಯವೆಂದು ಕಲಿಯುತ್ತೇವೆ. ಸಾಲಿನ ಮೊದಲ ಅಕ್ಷರವೇ ಗಣದ ಮೊದಲ ಅಕ್ಷರವೂ ಆಗಿರುವುದರಿಂದ, ಅದರ ತೂಕ ಅಂಶದ ಲೆಕ್ಕವನ್ನೂ ಪ್ರಾಸದ ವರ್ಗವನ್ನೂ ಒಟ್ಟಿಗೆ ನಿರ್ಧರಿಸುತ್ತದೆ. ಪ್ರಾಸವು ಛಂದಸ್ಸಿನ ಮೇಲೆ ಹೊದಿಸಿದ ಅಲಂಕಾರವಾಗಿದ್ದರೆ ಈ ಬೆಸುಗೆಗೆ ಕಾರಣವಿರುತ್ತಿರಲಿಲ್ಲ.

ಪ್ರಾಸವು ಧ್ವನಿಚರಿತ್ರೆಯ ಸಾಕ್ಷಿಯೂ ಹೌದು. ಇಂದಿನ ‘ಮಳೆ’ ಹಳಗನ್ನಡದಲ್ಲಿ ‘ಮೞೆ’; ‘ಎಳ’ ಎಂಬುದರಲ್ಲಿ ಮೊದಲಿನಿಂದಲೂ ಳಕಾರವೇ. ಅಂದರೆ ನಮ್ಮ ಪದ್ಯದ ಮೊದಲೆರಡು ಸಾಲುಗಳ ಪ್ರಾಸ ೞಕಾರ ಜೀವಂತವಾಗಿದ್ದ ಕಾಲದಲ್ಲಿ ಪ್ರಾಸವೇ ಆಗುತ್ತಿರಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ರಳ, ಕುಳ, ಕ್ಷಳಗಳ ಭೇದವನ್ನು ಅಷ್ಟು ಶ್ರದ್ಧೆಯಿಂದ ವಿವರಿಸಬೇಕಾದುದು, ಆಡುಮಾತಿನಲ್ಲಿ ಆ ಭೇದ ಅಳಿಯುತ್ತಿದ್ದರೂ ಕಾವ್ಯದ ಪ್ರಾಸ ಅದನ್ನು ಕೇಳುತ್ತಿದ್ದುದರಿಂದಲೇ ಎಂದು ತಿಳಿಯಬಹುದು. ಹಾಡುಗಳ ಪ್ರಾಸವರ್ಗಗಳನ್ನು ಪಟ್ಟಿ ಮಾಡಿದರೆ, ಒಂದು ಹಾಡಿನ ಈಗಿನ ಪಾಠ ಯಾವ ಧ್ವನಿಬದಲಾವಣೆಯ ಈಚಿನದೆಂಬುದಕ್ಕೆ ಒಂದು ಮೇಲೆಲ್ಲೆಯಾದರೂ ದೊರೆಯುತ್ತದೆ.

ಈ ಸೀಮೆಯ ಗ್ರಾಮ್ಯ ಉಚ್ಚಾರಣೆಯಲ್ಲಿ ಪದಾದಿಯ ಹಕಾರ ಲೋಪವಾಗುವುದುಂಟು. ‘ಹೊಳೆ’ ಎಂಬುದು ‘ವೊಳೆ’ಯಂತೆ ಕೇಳುತ್ತದೆ. ಅಕ್ಷರದ ಆದಿವ್ಯಂಜನ ತೂಕಕ್ಕೆ ಸೇರದ ಕಾರಣ ಗಣಕ್ಕೆ ಹಾನಿಯಿಲ್ಲ. ಪ್ರಾಸ ಎರಡನೆಯ ವ್ಯಂಜನವನ್ನು ನೋಡುವುದರಿಂದ ಅದಕ್ಕೂ ಹಾನಿಯಿಲ್ಲ. ಆದರೆ ಬರೆದುಕೊಳ್ಳುವವರು ವಕಾರದ ಛಾಯೆಯನ್ನು ಬಿಟ್ಟು ‘ಒಳೆ’ ಎಂದು ಬರೆದರೆ ‘ಬೆಟ್ಟಕ್ಕೆ ಒಳೆ’ ಎಂಬಲ್ಲಿ ಲೋಪಸಂಧಿಗೆ ಎಡೆಯಾದಂತೆ ತೋರಿ, ‘ಬೆಟ್ಟಕ್ಕೊಳೆ’ ಎಂಬ ಓದು ಹುಟ್ಟಿ ಒಂದು ಅಕ್ಷರವೇ ಕಳೆದುಹೋಗುತ್ತದೆ. ಹಾಡುವವರ ಬಾಯಲ್ಲಿ ಆ ವಕಾರವೇ ಎರಡು ಗಣಗಳನ್ನು ಬೇರೆಯಾಗಿ ನಿಲ್ಲಿಸುತ್ತಿರುತ್ತದೆ.

6. ಪುನರಾವೃತ್ತಿ

ಪದ್ಯದಲ್ಲಿ ಮೂರು ಬಗೆಯ ಪುನರಾವೃತ್ತಿಗಳಿವೆ, ಅವುಗಳನ್ನು ಬೆರಸಬಾರದು.

ಮೊದಲನೆಯದು ಪದದ ಪುನರಾವೃತ್ತಿ. ‘ಬಂತು’ ಎರಡು ಬಾರಿ, ‘ಹೊಳೆ’ ಎರಡು ಬಾರಿ ಬಂದಿವೆ. ಮೊದಲ ಸಾಲಿನ ಎರಡು ಅರ್ಧಗಳು ಒಂದೇ ವಾಕ್ಯರಚನೆಯವು: ಕರ್ತೃ, ಕ್ರಿಯೆ, ಚತುರ್ಥ್ಯಂತ ನಾಮ. ಬೆಟ್ಟಕ್ಕೆ ಮಳೆ ಬರುವುದು ಮಲೆನಾಡಿನಲ್ಲಿ ಸುದ್ದಿಯಲ್ಲ. ಗದ್ದೆಗೆ ಹೊಳೆ ಬರುವುದು ಸುದ್ದಿ. ರಚನೆ ಸಮವಾಗಿರುವುದರಿಂದಲೇ ಅರ್ಥದ ಅಸಮತೆ ಕೇಳುಗರಿಗೆ ತಟ್ಟುತ್ತದೆ. ಮೂರನೆಯ ಸಾಲಿನಲ್ಲಿ ‘ಹೊಳೆ’ ಮರಳಿದಾಗ ಅದು ಬರುವ ವಸ್ತುವಾಗಿ ಉಳಿದಿಲ್ಲ, ದಾಟಲಾಗದ ಎಲ್ಲೆಯಾಗಿದೆ. ಪ್ರಾಸಸ್ಥಾನದಲ್ಲಿ ಅದೇ ಪದ ಮತ್ತೆ ಬಂದರೂ ಅದರ ಕಾರಕಸಂಬಂಧ ಬೇರೆಯಾಗಿದೆ.

ಎರಡನೆಯದು ವಿನ್ಯಾಸದ ಪುನರಾವೃತ್ತಿ. 3–2–3 ಎಂಬ ಖಂಡ ಎರಡು ಬಾರಿ ಬರುವುದನ್ನು ಮೇಲೆ ಕಂಡೆವು. ಎರಡೂ ಖಂಡಗಳ ವ್ಯಾಕರಣ ಕೂಡ ಸಮಾನವಾಗಿದೆ: ಮೊದಲು ನಾಮಪದ, ನಡುವೆ ಕೃದಂತ, ಕೊನೆಗೆ ಪೂರ್ಣಕ್ರಿಯೆ. ‘ಎಳೆಪೈರ ನೆಟ್ಟು ಬರುವೇನು’ ಎಂಬುದು ತಂಗಿಯ ಕ್ರಿಯೆ, ‘ಹೊಳೆಯಾಚೆ ನಿಂತು ಕೂಗಯ್ಯ’ ಎಂಬುದು ಅಣ್ಣನ ಕ್ರಿಯೆ. ನಡುವೆ ಒಂಟಿಯಾದ ಎಂಟನೆಯ ಗಣದಲ್ಲಿ ಸಂಬೋಧನೆ. ಕರೆ ಒಬ್ಬರಿಂದ ಇನ್ನೊಬ್ಬರಿಗೆ ಹೊರಳುವ ಜಾಗವೇ ಛಂದಸ್ಸಿನ ಹೊರಳುವ ಜಾಗ.

ಮೂರನೆಯದು ಹಾಡಿನ ಪುನರಾವೃತ್ತಿ. ತ್ರಿಪದಿಯನ್ನು ಹಾಡುವ ಒಂದು ಪ್ರಚಲಿತ ಕ್ರಮದಲ್ಲಿ ಏಳನೆಯ ಗಣದವರೆಗೆ ಹಾಡಿ ನಿಲ್ಲಿಸಿ, ಐದರಿಂದ ಏಳರವರೆಗಿನ ಗಣಗಳನ್ನು ಮರಳಿ ಎತ್ತಿಕೊಂಡು ಎಂಟನೆಯದನ್ನು ಸೇರಿಸಿ, ಆಮೇಲೆ ಕೊನೆಯ ಸಾಲಿಗೆ ಹೋಗುತ್ತಾರೆ. ಆಗ ಪದ್ಯದ ರೂಪ ಇದು:

ಮಳೆ ಬಂತು ಬೆಟ್ಟಕ್ಕೆ ಹೊಳೆ ಬಂತು ಗದ್ದೆಗೆ
ಎಳೆಪೈರ ನೆಟ್ಟು ಬರುವೇನು
ಎಳೆಪೈರ ನೆಟ್ಟು ಬರುವೇನು ಅಣ್ಣಯ್ಯ
ಹೊಳೆಯಾಚೆ ನಿಂತು ಕೂಗಯ್ಯ

ಗಣಗಳು 4–3–4–3, ಅಂಶಗಳು 12, 8, 11, 8, ಒಟ್ಟು 14 ಗಣ, 39 ಅಂಶ. ಬರಹದ 31ಕ್ಕೆ ಸೇರಿದ 8 ಅಂಶಗಳು ಕೊನೆಯ ಸಾಲಿನ ಅಳತೆಗೆ ಸರಿಯಾಗಿ ಸಮ. ಹಾಡಿನಲ್ಲಿ ಪದ್ಯ ಎರಡು ಅರ್ಧಗಳಾಗಿ ನಿಲ್ಲುತ್ತದೆ. ಎರಡೂ ಅರ್ಧಗಳು 3–2–3 ಖಂಡದಲ್ಲಿಯೇ ಮುಗಿಯುತ್ತವೆ. ನಾಲ್ಕು ಸಾಲುಗಳ ಸಾಂಗತ್ಯದಲ್ಲಿಯೂ ಗಣಸಂಖ್ಯೆ 4–3–4–3 ಆಗಿರುವುದನ್ನು ಗಮನಿಸಿ, ತ್ರಿಪದಿಯ ಹಾಡುವಿಕೆಯ ಆವರ್ತನದಿಂದಲೇ ಸಾಂಗತ್ಯ ಮೂಡಿತೆಂಬ ವಾದ ಕನ್ನಡ ಛಂದಶ್ಶಾಸ್ತ್ರದಲ್ಲಿದೆ. ಬ್ರಹ್ಮಗಣದ ಸ್ಥಾನ ಎರಡರಲ್ಲಿ ಬೇರೆಯಾದುದರಿಂದ ಆ ವಾದಕ್ಕೆ ಇನ್ನೂ ವಿವರಣೆ ಬೇಕು. ಆದರೂ ಪುನರಾವೃತ್ತಿಯನ್ನು ಛಂದಸ್ಸಿನ ಹೊರಗೆ ಇಟ್ಟರೆ ಅಂಥ ವಾದವನ್ನು ಮಂಡಿಸುವುದೇ ಅಸಾಧ್ಯ.

ಈಗ ಮುಖ್ಯ ಪರೀಕ್ಷೆಗೆ ಬರೋಣ. ಎರಡನೆಯ ಸಾಲಿನ ಏಳು ಮತ್ತು ಎಂಟನೆಯ ಗಣಗಳನ್ನು ಅದಲುಬದಲು ಮಾಡಿದರೆ ‘ಎಳೆಪೈರ ನೆಟ್ಟು ಅಣ್ಣಯ್ಯ ಬರುವೇನು’ ಎಂದಾಗುತ್ತದೆ. ವಿಷ್ಣು, ಬ್ರಹ್ಮ, ವಿಷ್ಣು, ವಿಷ್ಣು: ಗಣನಿಯಮಕ್ಕೆ ಕೊರತೆಯಿಲ್ಲ. ಸಾಲಿನ ಆದಿ ಬದಲಾಗದ್ದರಿಂದ ಪ್ರಾಸಕ್ಕೂ ಕೊರತೆಯಿಲ್ಲ. ಕನ್ನಡದ ಪದಕ್ರಮವೂ ಇದನ್ನು ಒಪ್ಪುತ್ತದೆ. ಆದರೆ ಏಳನೆಯ ಗಣದಲ್ಲಿ ನಿಲ್ಲಿಸಿದಾಗ ‘ಎಳೆಪೈರ ನೆಟ್ಟು ಅಣ್ಣಯ್ಯ’ ಎಂದು ಕ್ರಿಯಾಪದವಿಲ್ಲದ ತುಂಡು ಉಳಿಯುತ್ತದೆ. ಅದನ್ನೇ ಎರಡು ಬಾರಿ ಹಾಡಬೇಕಾಗುತ್ತದೆ. ಮೂಲದ ಸಾಲಿನಲ್ಲಿ ವಾಕ್ಯ ಏಳನೆಯ ಗಣಕ್ಕೇ ಮುಗಿದಿತ್ತು. ಎಂಟನೆಯದು ವಾಕ್ಯದ ಅನ್ವಯಕ್ಕೆ ಹೊರತಾದ ಸಂಬೋಧನೆಯಾಗಿತ್ತು. ಆದುದರಿಂದಲೇ ಅಲ್ಲಿ ನಿಲ್ಲುವುದೂ ಮರಳುವುದೂ ಸಾಧ್ಯವಾಗಿತ್ತು.

ಸಂಧಿಯೂ ಇದನ್ನೇ ಹೇಳುತ್ತದೆ. ಓಘದ ಮಾತಿನಲ್ಲಿ ‘ಬರುವೇನು ಅಣ್ಣಯ್ಯ’ ಎಂಬುದು ‘ಬರುವೇನಣ್ಣಯ್ಯ’ ಆಗಬೇಕು. ಹಾಗಾದರೆ ಅಂಶಗಳು ಆರರಿಂದ ಐದಕ್ಕೆ ಇಳಿದು ಎಂಟನೆಯ ಸ್ಥಾನ ಬ್ರಹ್ಮಗಣಕ್ಕೆ ಕುಗ್ಗುತ್ತದೆ. ಪದ್ಯ ಇಲ್ಲಿ ಸಂಧಿಯನ್ನು ತಡೆಯುತ್ತದೆ, ಏಕೆಂದರೆ ಎರಡು ಸ್ವರಗಳ ನಡುವೆ ನಿಲುಗಡೆಯ ಅರಿವಿದೆ. ಅದಲುಬದಲಾದ ಸಾಲಿನಲ್ಲಿ ಸ್ವರಗಳು ಎದುರಾಗುವುದು ‘ನೆಟ್ಟು ಅಣ್ಣಯ್ಯ’ ಎಂಬಲ್ಲಿ. ಅದು ಖಂಡದ ಒಳಗು. ಅಲ್ಲಿ ತಡೆಯುವ ನಿಲುಗಡೆಯಿಲ್ಲದೆ ‘ನೆಟ್ಟಣ್ಣಯ್ಯ’ ಎಂದು ಕೂಡಿಕೊಂಡು ಐದು ಅಂಶಗಳು ನಾಲ್ಕಾಗುತ್ತವೆ. ಹೀಗೆ ಲೋಪಸಂಧಿಯ ಸಾಧ್ಯಾಸಾಧ್ಯತೆ ಖಂಡದ ಗಡಿಯನ್ನು ತೋರಿಸುವ ಸ್ವತಂತ್ರ ಸಾಕ್ಷ್ಯವಾಗಿದೆ.

ಗಣ, ಪ್ರಾಸ, ವ್ಯಾಕರಣ ಮೂರನ್ನೂ ಪಾಲಿಸಿದ ಸಾಲೊಂದು ಹಾಡಿಗೆ ಒಗ್ಗದಿರುವುದಾದರೆ, ಒಗ್ಗಿಸುವ ನಾಲ್ಕನೆಯ ನಿಯಮವೊಂದಿದೆಯೆಂದೇ ಅರ್ಥ. ಐದರಿಂದ ಏಳರವರೆಗಿನ ಗಣಗಳು ಮರಳಿ ಹಾಡಬಲ್ಲ ಸ್ವಯಂಪೂರ್ಣ ಪದಪುಂಜವಾಗಿರಬೇಕು ಎಂಬುದೇ ಆ ನಿಯಮ. ಹನ್ನೊಂದು ಗಣಗಳ ಪಟ್ಟಿಯಿಂದ ಇದನ್ನು ನಿಗಮಿಸಲು ಬರುವುದಿಲ್ಲ. ಬೇರೆ ಧಾಟಿಗಳಲ್ಲಿ ಮರಳುವ ಖಂಡ ಬೇರೆಯಾಗಿದ್ದರೆ ನಿಯಮದ ವಿವರವೂ ಬೇರೆಯಾದೀತು. ಆದರೆ ಮರಳುವ ಖಂಡಕ್ಕೂ ವಾಕ್ಯದ ಖಂಡಕ್ಕೂ ನಡುವಣ ಹೊಂದಾಣಿಕೆಯನ್ನು ಪರೀಕ್ಷಿಸುವ ಕ್ರಮ ಅಲ್ಲಿಯೂ ಇದೇ.

7. ಬರಹಕ್ಕಿಳಿಸುವ ಬಗೆ

ಧ್ವನಿಮುದ್ರಿಕೆಯನ್ನು ಬರೆದುಕೊಳ್ಳುವಾಗ ಸದುದ್ದೇಶದಿಂದಲೇ ನಡೆಯುವ ತಿದ್ದುಪಾಟುಗಳನ್ನು ನಮ್ಮ ಪದ್ಯಕ್ಕೆ ಅನ್ವಯಿಸಿದರೆ ಏನಾಗುತ್ತದೆಂಬುದನ್ನು ನೋಡಬಹುದು.

‘ಬಂತು’ ಎಂಬುದನ್ನು ಗ್ರಾಂಥಿಕವಾಗಿ ‘ಬಂದಿತು’ ಎಂದು ಮಾಡಿದರೆ ‘ಮಳೆ ಬಂದಿತು’ ನಾಲ್ಕು ಅಂಶಗಳ ರುದ್ರಗಣವಾಗುತ್ತದೆ. ‘ಪೈರ’ ಎಂಬ ಅಕಾರಾಂತ ದ್ವಿತೀಯೆಯನ್ನು ‘ಪೈರನ್ನು’ ಎಂದು ತಿದ್ದಿದರೂ ಅದೇ ಗತಿ. ‘ಬರುವೇನು’ ಎಂಬುದನ್ನು ‘ಬರುತ್ತೇನೆ’ ಎಂದರೆ ಇನ್ನೂ ದೊಡ್ಡ ತೊಡಕು: ಲಘುವಿನ ಮೇಲೆ ಗುರು ಬರುವ ಆರಂಭಕ್ಕೆ ಅಂಶಗಣದಲ್ಲಿ ಸ್ಥಾನವೇ ಇಲ್ಲ. ಅದೇ ಕ್ರಿಯೆಯ ಹಾಸನದ ಆಡುರೂಪವಾದ ‘ಬತ್ತೀನಿ’ (––∪) ಸರಿಯಾದ ವಿಷ್ಣುಗಣ. ಇಲ್ಲಿ ‘ಅಶುದ್ಧ’ವೆನಿಸಿದ ರೂಪ ಛಂದಸ್ಸಿಗೆ ಶುದ್ಧ, ‘ಶುದ್ಧ’ವೆನಿಸಿದ ರೂಪ ಛಂದೋಭಂಗ.

ಹಾಗೆಂದು ಆಡುರೂಪಗಳೆಲ್ಲ ಹೊಂದುತ್ತವೆಯೆಂದಲ್ಲ. ‘ನಿಂತು’ ಎಂಬಲ್ಲಿ ಮಾತಿನ ‘ನಿಂತ್ಕೊಂಡು’ ಹಾಕಿದರೆ ಬ್ರಹ್ಮದ ಸ್ಥಾನದಲ್ಲಿ ವಿಷ್ಣು ಬಂದು 3–2–3 ಖಂಡ ಒಡೆಯುತ್ತದೆ. ಹಾಡಿನ ಭಾಷೆ ಗ್ರಾಂಥಿಕವೂ ಅಲ್ಲ, ಆಡುಮಾತಿನ ನೇರ ಪ್ರತಿಯೂ ಅಲ್ಲ. ಹಳೆಯ ವಿಭಕ್ತಿರೂಪ, ಹೊಸ ಕ್ರಿಯಾರೂಪ, ಕಿರಿದಾದ ಕೃದಂತ ಇವುಗಳಲ್ಲಿ ಅಳತೆಗೆ ಒಗ್ಗುವುದನ್ನು ಆಯ್ದುಕೊಂಡ ಮಿಶ್ರಣ ಅದು. ಒಂದೇ ಹಾಡಿನಲ್ಲಿ ‘ಪೈರ’ ಮತ್ತು ‘ಬತ್ತೀನಿ’ ಜೊತೆಯಾಗಿ ಕಂಡರೆ ಅದನ್ನು ಪಾಠದ ಕಲಬೆರಕೆಯೆಂದು ಬಗೆಯುವ ಮೊದಲು ಗಣವನ್ನು ಎಣಿಸಿ ನೋಡುವುದು ಒಳ್ಳೆಯದು.

ಈ ಹಿನ್ನೆಲೆಯಲ್ಲಿ ಕ್ಷೇತ್ರಕಾರ್ಯಕ್ಕೆ ಮೂರು ಪದರಗಳ ಲಿಪ್ಯಂತರಣವನ್ನು ನಾವು ಸೂಚಿಸುತ್ತೇವೆ. ಮೊದಲ ಪದರದಲ್ಲಿ ಕೇಳಿದ ಎಲ್ಲವೂ ಇರಬೇಕು: ಎಳೆತ, ವಕಾರ ಯಕಾರಗಳ ಛಾಯೆ, ನಿಲುಗಡೆ, ಮರಳುವಿಕೆ, ಜೊತೆಯವರು ಸೊಲ್ಲು ಹಿಡಿದ ಜಾಗ. ಎರಡನೆಯ ಪದರದಲ್ಲಿ ಗಣವಿಭಾಗ ಮತ್ತು ಅಂಶಸಂಖ್ಯೆ ಇರಲಿ. ಸಂಧಿ ಆದಲ್ಲಿಯೂ ಆಗದಲ್ಲಿಯೂ ಗುರುತು ಹಾಕಬೇಕು. ಓದುಗರಿಗಾಗಿ ಸರಳಗೊಳಿಸಿದ ಮೂರು ಸಾಲಿನ ಪಾಠ ಮೂರನೆಯದು. ಇಂದು ಹಲವು ಸಂಕಲನಗಳಲ್ಲಿ ಉಳಿದಿರುವುದು ಈ ಮೂರನೆಯದು ಮಾತ್ರ. ಅದರಿಂದ ಮೊದಲೆರಡನ್ನು ಮರಳಿ ಕಟ್ಟಲು ದಾರಿಯಿಲ್ಲ. ಮೊದಲ ಪದರವಿದ್ದರೆ ಉಳಿದೆರಡನ್ನು ಯಾರು ಬೇಕಾದರೂ, ಎಂದು ಬೇಕಾದರೂ ಸಿದ್ಧಪಡಿಸಬಹುದು.

8. ಉಪಸಂಹಾರ

ಗಣ ಅಕ್ಷರದ ತೂಕವನ್ನೂ, ಪ್ರಾಸ ವ್ಯಂಜನವನ್ನೂ, ಪುನರಾವೃತ್ತಿ ಪದಪುಂಜವನ್ನೂ ಆಧರಿಸುತ್ತವೆ. ಭಾಷೆಯ ಮೂರು ಬೇರೆ ಬೇರೆ ಸ್ತರಗಳನ್ನು ಹಿಡಿದಿದ್ದರೂ ಅವು ಒಂದನ್ನೊಂದು ನಿಯಂತ್ರಿಸುತ್ತವೆ. ಸಾಲಿನ ಆದಿಯಲ್ಲಿ ಗಣವೂ ಪ್ರಾಸವೂ ಸೇರುತ್ತವೆ. ಏಳನೆಯ ಗಣದ ಅಂತ್ಯದಲ್ಲಿ ಗಣ, ವಾಕ್ಯ, ಸಂಧಿ, ಪುನರಾವೃತ್ತಿ ನಾಲ್ಕೂ ಸೇರುತ್ತವೆ. ತ್ರಿಪದಿಯ ಲಕ್ಷಣವನ್ನು ಹೇಳುವಾಗ ಆರು ಮತ್ತು ಹತ್ತನೆಯ ಗಣಗಳಿಗೆ ಕೊಡುವಷ್ಟೇ ಗಮನವನ್ನು ಈ ಏಳನೆಯ ಗಣದ ಗಡಿಗೂ ಕೊಡಬೇಕೆಂಬುದು ನಮ್ಮ ನಿಲುವು.

ರಾಗಿಯ ಬೀಸುವ ಕಲ್ಲಿನ ಕೆಲಸವನ್ನು ಗಿರಣಿ ವಹಿಸಿಕೊಂಡು ಬಹುಕಾಲವಾಯಿತು. ಸಾಲಾಗಿ ನಿಂತು ನಾಟಿ ಮಾಡುವ ಗದ್ದೆಗಳೂ ಮಲೆನಾಡಿನಲ್ಲಿ ಕಡಮೆಯಾಗುತ್ತಿವೆ. ಹಾಡು ಕೆಲಸದಿಂದ ಬೇರೆಯಾದ ಮೇಲೆ ಅದನ್ನು ಬಲ್ಲವರು ನೆನಪಿನಿಂದ ಹೇಳುತ್ತಾರೆ; ಹಾಗೆ ‘ಹೇಳಿದಾಗ’ ಮೊದಲು ಬಿಟ್ಟುಹೋಗುವುದು ಮರಳುವ ಸಾಲು. ಸಕಲೇಶಪುರ, ಆಲೂರುಗಳ ಹಳ್ಳಿಗಳಿಗೆ ಧ್ವನಿಮುದ್ರಣಕ್ಕೆ ಹೋಗುವ ಸಂಶೋಧನಾರ್ಥಿಗಳು ಹಾಡನ್ನು ಹೇಳಿಸಿಕೊಂಡು ಬರೆದುಕೊಳ್ಳುವುದಕ್ಕೆ ಮುನ್ನ, ಒಮ್ಮೆಯಾದರೂ ಪೂರ್ತಿಯಾಗಿ ಹಾಡಿಸಬೇಕು. ಮರಳಿ ಬಂದ ಸಾಲನ್ನು ಮರಳಿ ಬಂದಷ್ಟು ಸಲವೂ ಬರೆಯಬೇಕು.